ಯಮಹಾ ಟಿವೈ 175: ಹಳೆಯ ಟ್ರಯಲ್ಸ್ ಗಾಡಿಯನ್ನು ಎಬ್ಬಿಸಿ ನಿಲ್ಲಿಸಿದ ಲೆಕ್ಕ

ಎರಡೂವರೆ ವರ್ಷಗಳ ಹಿಂದೆ, ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಒಂದು ಕುರಿ ಫಾರ್ಮಿನ ಕೊಟ್ಟಿಗೆಯಿಂದ 1,400 ಪೌಂಡ್ ಕೊಟ್ಟು 1970ರ ದಶಕದ ಯಮಹಾ ಟಿವೈ 175 ಎಂಬ ಟ್ರಯಲ್ಸ್ ಮೋಟರ್‌ಸೈಕಲ್ ಒಂದನ್ನು ವ್ಯಾನಿಗೆ ಹೇರಿಕೊಂಡು ಮನೆಗೆ ತಂದೆ. ಕಿಕ್ಕರ್ ಒತ್ತಿದರೆ ಸಲೀಸಾಗಿ ಕೆಳಗಿಳಿಯುತ್ತಿತ್ತು, ಅಂದರೆ ಎಂಜಿನ್ ಜಾಮ್ ಆಗಿರಲಿಲ್ಲ. ಆದರೆ ಅಷ್ಟೊಂದು ಸಲೀಸಾಗಿ ಇಳಿಯಬಾರದಾಗಿತ್ತು, ಅಂದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಉಳಿದಿರಲಿಲ್ಲ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ಕೆಮ್ಮಣ್ಣಿನ ಬಣ್ಣದ ತುಕ್ಕು, ಸೀಟಿನೊಳಗೆ ಇಲಿಗಳ ಸಂಸಾರ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಇಷ್ಟು ಹಳೆಯ ಗಾಡಿಗೆ ಸ್ಪೇರ್ ಸಿಗುವುದಿಲ್ಲ. ಆ ಮಾತು ಸುಳ್ಳೆಂದು ಈಗ ಗೊತ್ತಾಗಿದೆ. ಸ್ಪೇರ್ ಧಾರಾಳವಾಗಿ ಸಿಗುತ್ತದೆ. ಸಿಕ್ಕಿದ್ದು ಸರಿಯಾದದ್ದೇ ಎಂದು ಖಚಿತಪಡಿಸಿಕೊಳ್ಳುವುದೇ ಕಷ್ಟದ ಕೆಲಸ, ಮತ್ತು ಆ ಕಷ್ಟ ಬೀಳುವುದು ಮಾರುವವನ ಮೇಲಲ್ಲ, ಕೊಳ್ಳುವವನ ಮೇಲೆ. ಈ ಬರಹ ಆ ಗಾಡಿಯ ವಿಮರ್ಶೆಯೂ ಹೌದು, ಅದಕ್ಕೆ ಬಿಡಿಭಾಗ ಒದಗಿಸಿದ ಮತ್ತು ಒದಗಿಸುತ್ತೇವೆಂದು ಹೇಳಿ ಕೈಕೊಟ್ಟ ಜಾಗಗಳ ವಿಮರ್ಶೆಯೂ ಹೌದು.

ಟ್ರಯಲ್ಸ್ ಎಂದರೇನೆಂದು ಕೇಳುವವರಿಗೆ ಮೊದಲು ನಾಲ್ಕು ಮಾತು ಹೇಳಬೇಕು. ಇದು ವೇಗದ ಸ್ಪರ್ಧೆಯಲ್ಲ. ಹಳ್ಳದ ಪಾಚಿಗಟ್ಟಿದ ಬಂಡೆ, ಮರದ ಬೇರು, ಕೆಸರಿನ ಏರು ಇವುಗಳ ನಡುವೆ ಹಗ್ಗ ಕಟ್ಟಿ ಗುರುತು ಮಾಡಿದ ಸಣ್ಣ ತುಂಡುದಾರಿಗಳಿರುತ್ತವೆ. ಅವನ್ನು ‘ಸೆಕ್ಷನ್’ ಎನ್ನುತ್ತಾರೆ. ಪ್ರತಿ ಸೆಕ್ಷನ್ನಿನ ಪಕ್ಕದಲ್ಲೂ ಒಬ್ಬ ವೀಕ್ಷಕರು ಕಾರ್ಡ್ ಹಿಡಿದು ನಿಂತಿರುತ್ತಾರೆ. ಒಮ್ಮೆ ಕಾಲು ನೆಲಕ್ಕೆ ತಾಗಿದರೆ 1 ಅಂಕ, ಎರಡು ಸಲ ತಾಗಿದರೆ 2, ಮೂರು ಅಥವಾ ಹೆಚ್ಚು ಸಲ ತಾಗಿದರೆ 3, ಬಿದ್ದರೆ ಅಥವಾ ದಾರಿಯಿಂದ ಹೊರಬಿದ್ದರೆ 5. ಕಡಿಮೆ ಅಂಕ ಗಳಿಸಿದವರು ಗೆದ್ದಂತೆ. ಆದ್ದರಿಂದ ಈ ಗಾಡಿಗಳಿಗೆ ಬೇಕಾದದ್ದು ಓಟವಲ್ಲ, ನಡಿಗೆ. ನಡೆಯುವ ಮನುಷ್ಯನಿಗಿಂತ ನಿಧಾನವಾಗಿ ಸಾಗುವಾಗಲೂ ಎಂಜಿನ್ ನಿಲ್ಲಬಾರದು, ಮತ್ತು ಆಕ್ಸಿಲರೇಟರ್ ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚಕ್ರ ಬಂಡೆಯನ್ನು ಕಚ್ಚಿ ಹತ್ತಬೇಕು. ದುರಸ್ತಿಯ ವಿಷಯದಲ್ಲಿ ಈ ಗುಣವನ್ನು ಮರೆತರೆ ಎಂಜಿನ್ ‘ಚೆನ್ನಾಗಿ’ ಓಡಿದರೂ ಗಾಡಿ ಕೆಲಸಕ್ಕೆ ಬರುವುದಿಲ್ಲ.

ಈ ಆಟವನ್ನು ದೊಡ್ಡ ಬ್ರಿಟಿಷ್ ಫೋರ್ ಸ್ಟ್ರೋಕ್ ಗಾಡಿಗಳ ಕೈಯಿಂದ ಕಸಿದುಕೊಂಡದ್ದು ಸ್ಪೇನಿನ ಬುಲ್ಟಾಕೊ. ಬ್ರಿಟನ್ನಿನ ಏರಿಯಲ್ ಗಾಡಿಯಲ್ಲಿ ಗೆದ್ದು ಹೆಸರಾಗಿದ್ದ ಸವಾರ ಸ್ಯಾಮಿ ಮಿಲ್ಲರ್ ಅವರ ನೆರವಿನಿಂದ ಆ ಕಂಪನಿ ‘ಶೆರ್ಪಾ ಟಿ’ ಎಂಬ ಟೂ ಸ್ಟ್ರೋಕ್ ಗಾಡಿಯನ್ನು ರೂಪಿಸಿತು. 1965ರಲ್ಲಿ ಮಿಲ್ಲರ್ ಅದೇ ಗಾಡಿಯಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಎಂಬ ಆರು ದಿನಗಳ ಸ್ಪರ್ಧೆ ಗೆದ್ದ ಮೇಲೆ ಹಳೆಯ ಭಾರದ ಗಾಡಿಗಳ ಕಾಲ ಮುಗಿಯಿತು. ಮೊಂಟೆಸಾ, ಒಸ್ಸಾ ಕೂಡ ಸ್ಪೇನಿನವೇ. ಡರ್ಬಿಷೈರಿನ ಮಿಕ್ ಆಂಡ್ರ್ಯೂಸ್ 1970, 1971 ಮತ್ತು 1972ರಲ್ಲಿ ಒಸ್ಸಾ ಗಾಡಿಯಲ್ಲಿ ಅದೇ ಸ್ಕಾಟಿಷ್ ಸ್ಪರ್ಧೆಯನ್ನು ಸತತವಾಗಿ ಗೆದ್ದರು. ಅವರನ್ನು ಯಮಹಾ ತನ್ನ ಕಡೆ ಕರೆದುಕೊಂಡು ಟಿವೈ ಸರಣಿಯನ್ನು ಬೆಳೆಸಿತು, 1974 ಮತ್ತು 1975ರಲ್ಲಿ ಅವರು ಯಮಹಾ ಮೇಲೆಯೇ ಮತ್ತೆ ಗೆದ್ದರು. ಟಿವೈ 250 ಮೊದಲು ಬಂತು, 175 ಅದರ ಬೆನ್ನಿಗೆ ಬಂತು. ಈ ಚರಿತ್ರೆಯಲ್ಲಿ ಕೊಳ್ಳುವವನಿಗೆ ಮುಖ್ಯವಾದ ಸಂಗತಿ ಒಂದಿದೆ. 1980ರ ದಶಕದಲ್ಲಿ ಬುಲ್ಟಾಕೊ, ಒಸ್ಸಾ ಕಾರ್ಖಾನೆಗಳು ಬಾಗಿಲು ಹಾಕಿದವು, ಯಮಹಾ ಹಾಕಲಿಲ್ಲ. ಸ್ಪೇನಿನ ಗಾಡಿಗಳಿಗೆ ಅಭಿಮಾನಿಗಳೇ ಅಚ್ಚು ಮಾಡಿಸಿ ಭಾಗ ತಯಾರಿಸಿಕೊಳ್ಳಬೇಕಾಯಿತು. ಟಿವೈ ಗಾಡಿಗಾದರೋ ಮೂಲ ಕಂಪನಿಯ ಬಿಡಿಭಾಗಗಳ ಸಂಖ್ಯಾಪದ್ಧತಿ ಇಂದಿಗೂ ಜೀವಂತವಾಗಿದೆ.

ನಾನು ಶೆರ್ಪಾ ಬಿಟ್ಟು ಟಿವೈ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣ ತಿಪಟೂರಿನದು. ಕಾಲೇಜು ದಿನಗಳಲ್ಲಿ ನಮ್ಮ ಮನೆಯಲ್ಲಿ ಆರ್‌ಎಕ್ಸ್ 100 ಇತ್ತು, ಮತ್ತು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಕೂತು ಅದರ ಹೆಡ್ ಬಿಚ್ಚುವುದನ್ನು ನೋಡಿಯೇ ನಾನು ಎಂಜಿನ್ನಿನ ಅ ಆ ಇ ಈ ಕಲಿತದ್ದು. ಆರ್‌ಎಕ್ಸ್ 100ರ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ 50 ಮಿ.ಮೀ., ಒಟ್ಟು 98 ಸಿಸಿ. ಟಿವೈ 175ರ ಸ್ಟ್ರೋಕ್ ಅದೇ 50 ಮಿ.ಮೀ., ಬೋರ್ ಮಾತ್ರ 66 ಮಿ.ಮೀ., ಒಟ್ಟು 171 ಸಿಸಿ. ಎರಡರಲ್ಲೂ ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್, ಎರಡರಲ್ಲೂ ಕಾರ್ಬುರೇಟರಿನ ಮುಂದೆ ಮಿಶ್ರಣವನ್ನು ಒಂದೇ ದಿಕ್ಕಿಗೆ ಬಿಡುವ ರೀಡ್ ವಾಲ್ವ್, ಎರಡರಲ್ಲೂ ಆಯಿಲ್ ಪಂಪು. ಆದರೂ ಸ್ವಭಾವ ಬೇರೆ. ಆರ್‌ಎಕ್ಸ್ ಕೂಗಿದಷ್ಟೂ ಹುರುಪಾಗುವ ಗಾಡಿ. ಟಿವೈ ಪಿಸುಗುಟ್ಟುವ ವೇಗದಲ್ಲೇ ಎಳೆಯುತ್ತದೆ, ಅದರ ಭಾರವಾದ ಮ್ಯಾಗ್ನೆಟ್ ಚಕ್ರ ಎಂಜಿನ್ ನಿಲ್ಲದಂತೆ ತಳ್ಳುತ್ತಿರುತ್ತದೆ. ಆರ್‌ಎಕ್ಸ್ ಎಂಜಿನ್ ಬಿಚ್ಚಿ ಜೋಡಿಸಿದ ಕೈಗೆ ಇದರಲ್ಲಿ ಅಪರಿಚಿತವಾದದ್ದು ಬಹಳ ಕಡಿಮೆ ಎಂಬುದು ನನ್ನ ಅನುಭವ.

ಕೆಲಸ ಶುರುವಾಗುವ ಮೊದಲೇ ಒಂದು ಎಚ್ಚರಿಕೆ. ಜಪಾನೀ ಗಾಡಿಗಳ ಸ್ಟಾರ್ ಸ್ಕ್ರೂಗಳು ನಮಗೆ ಅಂಗಡಿಯಲ್ಲಿ ಸಿಗುವ ಫಿಲಿಪ್ಸ್ ಮಾದರಿಯವಲ್ಲ. ಅವು ಜೆಐಎಸ್ ಎಂಬ ಜಪಾನೀ ಮಾನದಂಡದವು. ನೋಡಲು ಒಂದೇ ಥರ. ಫಿಲಿಪ್ಸ್ ಡ್ರೈವರ್ ಅದರ ತಲೆಯಲ್ಲಿ ಪೂರ್ತಿ ಕೂರದೆ, ಬಲ ಹಾಕಿದೊಡನೆ ಮೇಲಕ್ಕೆ ಜಾರಿ ಕಚ್ಚುಗಳನ್ನು ಸವೆಸುತ್ತದೆ. ನನ್ನ ಗಾಡಿಯ ಕ್ಲಚ್ ಕವರಿನ ಸ್ಕ್ರೂಗಳಲ್ಲಿ ನಾಲ್ಕನ್ನು ಹಿಂದಿನ ಮಾಲೀಕರು ಹೀಗೆಯೇ ಬಟ್ಟಲು ಮಾಡಿಟ್ಟಿದ್ದರು. ಹದಿನೈದು ಪೌಂಡಿನ ಒಂದು ಜೆಐಎಸ್ ಸೆಟ್, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್, ಮತ್ತು ಹಿಂದಿನ ರಾತ್ರಿಯೇ ಸಿಂಪಡಿಸಿದ ತುಕ್ಕುಬಿಡಿಸುವ ಎಣ್ಣೆ: ಈ ಮೂರು ಇದ್ದರೆ ಉಳಿದವು ಒಂದೊಂದೇ ‘ಟಕ್’ ಎಂದು ಬಿಟ್ಟುಕೊಡುತ್ತವೆ. ಇಡೀ ದುರಸ್ತಿಯಲ್ಲಿ ನಾನು ಮಾಡಿದ ಅತ್ಯಂತ ಲಾಭದ ಖರೀದಿ ಆ ಸ್ಕ್ರೂಡ್ರೈವರ್ ಸೆಟ್ಟೇ.

ಬಿಚ್ಚುವ ಮುನ್ನ ಒಂದು ಸಲವಾದರೂ ಎಂಜಿನ್ನಿನ ದನಿ ಕೇಳೋಣವೆಂದು, ಪ್ಲಗ್ಗಿನ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು, ಹೊಸ ಪ್ಲಗ್ ಹಾಕಿ ಒದ್ದೆ. ಇಪ್ಪತ್ತನೆಯ ಒದೆತಕ್ಕೋ ಮೂವತ್ತನೆಯದಕ್ಕೋ ಹೊತ್ತಿಕೊಂಡಿತು. ಬಂದ ಹೊಗೆ ಟೂ ಸ್ಟ್ರೋಕಿನ ನೀಲಿ ಹೊಗೆಯಲ್ಲ, ದಪ್ಪ ಬಿಳಿ ಹೊಗೆ, ಅದಕ್ಕೆ ಸುಟ್ಟ ಗೇರ್ ಆಯಿಲಿನ ವಾಸನೆ. ಮೂರು ನಿಮಿಷವಾದರೂ ಅದು ತಿಳಿಯಾಗಲಿಲ್ಲ. ತಿಪಟೂರಿನ ನಮ್ಮ ಮೆಕ್ಯಾನಿಕ್ ಹೀಗೆ ಹೊಗೆ ಬಂದರೆ, “ಸೀಲ್ ಹೋಗೈತೆ ಸಾರ್, ಗೇರ್ ಬಾಕ್ಸಿಂದ ಆಯಿಲ್ ಕುಡೀತೈತೆ” ಎನ್ನುತ್ತಿದ್ದರು. ಅದೇ ಆಗಿತ್ತು. ಕ್ರ್ಯಾಂಕ್ ಎಂಬ ಎಂಜಿನ್ನಿನ ತಿರುಗುವ ದಂಡದ ಕ್ಲಚ್ ಕಡೆಯ ಸೀಲ್ (ಎಣ್ಣೆ, ಗಾಳಿ ದಾಟದಂತೆ ತಡೆಯುವ ರಬ್ಬರ್ ಉಂಗುರ) ಗಟ್ಟಿಯಾಗಿ ಬಿರುಕು ಬಿಟ್ಟರೆ ಎಂಜಿನ್ ಗೇರ್ ಬಾಕ್ಸಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಇನ್ನೂ ಅಪಾಯ: ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಹಿಡಿಕೆ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ನಲವತ್ತು ವರ್ಷ ದಾಟಿದ ಯಾವುದೇ ಟಿವೈ ಕೊಳ್ಳುವವರು ಎರಡೂ ಸೀಲುಗಳು ಹೋಗಿವೆ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡುವುದು ಒಳ್ಳೆಯದು.

ಇನ್ನು ಬಿಡಿಭಾಗಗಳ ವಿಷಯ. ಯಮಹಾದ ಸಂಖ್ಯಾಪದ್ಧತಿಯನ್ನು ಒಂದು ಸಂಜೆ ಕೂತು ಅರ್ಥ ಮಾಡಿಕೊಂಡವರಿಗೆ ಅರ್ಧ ಗಾಡಿ ಸಿಕ್ಕಿದಂತೆಯೇ. ಪ್ರತಿ ಸಂಖ್ಯೆಯಲ್ಲೂ ಮುಖ್ಯವಾಗಿ ಮೂರು ತುಂಡುಗಳಿರುತ್ತವೆ. ಮೊದಲ ಮೂರು ಅಕ್ಷರ ಆ ಭಾಗವನ್ನು ಮೊಟ್ಟಮೊದಲು ಯಾವ ಮಾದರಿಗಾಗಿ ಮಾಡಲಾಯಿತು ಎಂಬುದನ್ನು ಹೇಳುತ್ತದೆ. ಟಿವೈ 175ರದು 525. ನಡುವಿನ ಐದು ಅಂಕೆ ಅದು ಯಾವ ಭಾಗ ಎಂಬುದನ್ನು ಹೇಳುತ್ತದೆ ಮತ್ತು ಇದು ಎಲ್ಲ ಮಾದರಿಗಳಿಗೂ ಒಂದೇ: 11631 ಎಂದರೆ ಪಿಸ್ಟನ್, 11610 ಎಂದರೆ ರಿಂಗ್ ಸೆಟ್, 11351 ಎಂದರೆ ಸಿಲಿಂಡರಿನ ಕೆಳಗಿನ ಪ್ಯಾಕಿಂಗ್, 13613 ಎಂದರೆ ರೀಡ್. ಕೊನೆಯ ಎರಡು ಅಂಕೆ ತಿದ್ದುಪಡಿಯ ಸೂಚನೆ. ಹಾಗಾಗಿ ಟಿವೈ ಗಾಡಿಯ ಭಾಗಪಟ್ಟಿಯಲ್ಲಿ ಒಂದು ಸಂಖ್ಯೆ 525ರಿಂದ ಶುರುವಾಗದೆ ಬೇರೊಂದು ಮಾದರಿಯ ಸಂಕೇತದಿಂದ ಶುರುವಾದರೆ ಬೇಸರಪಡಬಾರದು, ಸಂತೋಷಪಡಬೇಕು: ಆ ಭಾಗ ಟಿವೈಗೆ ಮಾತ್ರ ಸೇರಿದ್ದಲ್ಲ, ಲಕ್ಷಗಟ್ಟಲೆ ಮಾರಾಟವಾದ ಯಾವುದೋ ರಸ್ತೆ ಗಾಡಿಯದೂ ಹೌದು, ಆದ್ದರಿಂದ ಎಲ್ಲೋ ಒಂದು ಗೋದಾಮಿನಲ್ಲಿ ಇದ್ದೇ ಇರುತ್ತದೆ.

93ರಿಂದ ಶುರುವಾಗುವ ಸಂಖ್ಯೆಗಳು ಇನ್ನೂ ಉಪಕಾರಿ. ಅವು ಯಾವ ಮಾದರಿಗೂ ಸೇರದ ಸಾಮಾನ್ಯ ಸರಕು: 93102 ಆಯಿಲ್ ಸೀಲ್, 93210 ಓ ರಿಂಗ್, 93306 ಬೇರಿಂಗ್. ಸೀಲಿನ ಸಂಖ್ಯೆಯಲ್ಲಿ ಅಡ್ಡಗೆರೆಯ ನಂತರದ ಮೊದಲ ಎರಡು ಅಂಕೆ ಸಾಮಾನ್ಯವಾಗಿ ಒಳವ್ಯಾಸವನ್ನೇ ಸೂಚಿಸುತ್ತದೆ, ಬೇರಿಂಗಿನ ಸಂಖ್ಯೆಯಲ್ಲಿ 304 ಎಂದಿದ್ದರೆ ಅದು ಎಲ್ಲ ಬೇರಿಂಗ್ ಅಂಗಡಿಗಳಲ್ಲೂ ಸಿಗುವ 6304. ಹಳೆಯ ಸೀಲನ್ನು ಒರೆಸಿ ಬೆಳಕಿಗೆ ಹಿಡಿದರೆ ಅದರ ಮೈಮೇಲೆಯೇ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಟ್ರಯಲ್ಸ್ ಗಾಡಿಯ ಭಾಗವೆಂದು ಹೆಸರಿಟ್ಟು ಮಾರುವ ಕಡೆ ಒಂದು ಜೋಡಿ ಸೀಲಿಗೆ ಕೇಳುವ ದುಡ್ಡಿನಲ್ಲಿ, ಕಾರ್ಖಾನೆಗಳಿಗೆ ಬೇರಿಂಗ್ ಮಾರುವ ಅಂಗಡಿಯಲ್ಲಿ ಇಡೀ ಎಂಜಿನ್ನಿನ ಸೀಲ್ ಮತ್ತು ಮೇನ್ ಬೇರಿಂಗ್ ಎರಡೂ ನನಗೆ ಸಿಕ್ಕವು. ಒಂದೇ ಒಂದು ಷರತ್ತು: ಸೀಲಿನ ರಬ್ಬರ್ ಪೆಟ್ರೋಲ್ ಮತ್ತು ಬಿಸಿ ತಾಳುವಂಥದ್ದಿರಬೇಕು, ಬೇರಿಂಗ್ ಎಂಜಿನ್ನಿಗೆ ಹೊಂದುವ ಸಡಿಲತೆಯ ‘ಸಿ3’ ದರ್ಜೆಯದಿರಬೇಕು. ಇದನ್ನು ಬಾಯಿಬಿಟ್ಟು ಕೇಳದಿದ್ದರೆ ಕೌಂಟರಿನವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ.

ಯಮಹಾ ಅಧಿಕೃತ ಡೀಲರಿನ ಕೌಂಟರ್ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಗಾಡಿಯ ಹೆಸರು ಹೇಳಿದರೆ ಅಲ್ಲಿನ ಹುಡುಗರಿಗೆ ಏನೂ ಹೊಳೆಯುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಅವರ ಅಪ್ಪಂದಿರ ಕಾಲದ ಗಾಡಿ. ಆದರೆ ಪೂರ್ತಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ, ಇದೆಯೋ, ಇಲ್ಲವೋ, ಅದರ ಬದಲಿಗೆ ಬಂದ ಹೊಸ ಸಂಖ್ಯೆ ಯಾವುದೋ ಎಂಬ ಉತ್ತರ ಒಂದು ನಿಮಿಷದಲ್ಲಿ ಬರುತ್ತದೆ. ನಾನು ಒಯ್ದ ಇಪ್ಪತ್ತಮೂರು ಸಂಖ್ಯೆಗಳಲ್ಲಿ ಒಂಬತ್ತು ಸಿಕ್ಕವು: ಗೇರ್ ಶಿಫ್ಟಿನ ಸ್ಪ್ರಿಂಗ್, ಪ್ಯಾಕಿಂಗ್‌ಗಳು, ಕ್ಲಚ್ಚಿನ ಒಳಗಿನ ವಾಷರ್‌ಗಳು, ಕಿಕ್ಕರಿನ ಸರ್ಕ್ಲಿಪ್ ಇತ್ಯಾದಿ. ಸಣ್ಣವೇ, ಆದರೆ ಇವೇ ಬೇರೆಲ್ಲೂ ಸಿಗದವು. ಬೆಲೆ ದುಬಾರಿ, ಒಂದು ಸ್ಪ್ರಿಂಗಿಗೆ ಕೊಟ್ಟ ದುಡ್ಡಿನಲ್ಲಿ ಇಬ್ಬರು ಹೊಟ್ಟೆ ತುಂಬ ಊಟ ಮಾಡಬಹುದಿತ್ತು. ಆದರೂ ಪ್ಲಾಸ್ಟಿಕ್ ಕವರ್ ಹರಿದು ಹಾಕಿದ ಭಾಗ ಮೊದಲ ಸಲಕ್ಕೇ ತನ್ನ ಜಾಗದಲ್ಲಿ ಕೂತಾಗ ದುಡ್ಡು ನೆನಪಾಗುವುದಿಲ್ಲ.

ಪಿಸ್ಟನ್ ಮಾತ್ರ ಡೀಲರಿನಲ್ಲಿ ಇರಲಿಲ್ಲ. ನನ್ನ ಸಿಲಿಂಡರನ್ನು ಹಿಂದೆಯೇ ಎರಡು ಸಲ ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ ಅಗಲಿಸಿ, 66.50 ಮಿ.ಮೀ.ಗೆ ತಂದಿದ್ದರು, ಈಗ ಬೇಕಾಗಿದ್ದದ್ದು ಮೂರನೆಯ ಓವರ್‌ಸೈಜ್ ಪಿಸ್ಟನ್, 66.75. ಅಂತರ್ಜಾಲದ ಒಂದು ಮಾರಾಟದ ಅಂಗಡಿ ‘ಟಿವೈ 175ಕ್ಕೆ ಸರಿಹೊಂದುತ್ತದೆ’ ಎಂದು ಬರೆದು ಆ ಅಳತೆಯ ಪಿಸ್ಟನ್ ಕಿಟ್ ಮಾರುತ್ತಿತ್ತು. ನಾಲ್ಕು ದಿನದಲ್ಲಿ ಬಂತು. ಡಬ್ಬಿಯ ಮೇಲಿನ ಹೆಸರು ಸರಿಯಿತ್ತು, ವರ್ನಿಯರ್ ಅಳತೆಗೋಲಿನಲ್ಲಿ ಬೋರ್ ಅಳತೆಯೂ ಸರಿಯಿತ್ತು. ಹಳೆಯ ಪಿಸ್ಟನ್ನನ್ನು ಪಕ್ಕದಲ್ಲಿಟ್ಟು, ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗುಡ್ಜನ್ ಪಿನ್ನಿನಿಂದ ತಲೆಯವರೆಗಿನ ಎತ್ತರ ಅಳೆದಾಗ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡಿತು. ಅದಕ್ಕಿಂತ ಕೆಟ್ಟದ್ದು ರಿಂಗಿನ ಪಿನ್. ಟೂ ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಗ್ರೂವಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಪಿನ್ ಇರುತ್ತದೆ. ರಿಂಗ್ ತಿರುಗದಂತೆ ಅದರ ಎರಡು ತುದಿಗಳನ್ನು ಅದು ಹಿಡಿದಿಡುತ್ತದೆ. ಆ ತುದಿಗಳು ಸದಾ ಸಿಲಿಂಡರಿನ ಗಟ್ಟಿ ಗೋಡೆಯ ಮೇಲೆಯೇ ಓಡಾಡಬೇಕು. ಈ ಪಿಸ್ಟನ್ನನ್ನು ಕೈಯಲ್ಲಿ ಸಿಲಿಂಡರಿನೊಳಗೆ ಇಳಿಸಿ ಪೋರ್ಟಿನಿಂದ ಇಣುಕಿದರೆ, ಪಿನ್ನು ನೇರವಾಗಿ, ಮಿಶ್ರಣ ಒಳಬರುವ ಟ್ರಾನ್ಸ್‌ಫರ್ ಪೋರ್ಟಿನ ಕಿಟಕಿಯಲ್ಲಿ ಕಾಣುತ್ತಿತ್ತು. ಹಾಗೆಯೇ ಜೋಡಿಸಿದ್ದರೆ ರಿಂಗಿನ ತುದಿ ಕಿಟಕಿಗೆ ಸಿಕ್ಕಿಕೊಂಡು ಮುರಿದು, ಪಿಸ್ಟನ್, ಸಿಲಿಂಡರ್ ಎರಡನ್ನೂ ಮೊದಲ ಐದು ನಿಮಿಷದಲ್ಲೇ ತಿಂದುಹಾಕುತ್ತಿತ್ತು.

ಅದೇ ಕಾಲದ ಡಿಟಿ 175ರ ಬೋರ್ ಮತ್ತು ಸ್ಟ್ರೋಕ್ ಕೂಡ 66 ಮತ್ತು 50 ಮಿ.ಮೀ.; ಬೋರ್ ಒಂದೇ ಆದ ಕಾರಣಕ್ಕೆ ಬೇರೆ ಯಾವುದೋ ಗಾಡಿಯ ಪಿಸ್ಟನ್ನನ್ನು ಟಿವೈ ಹೆಸರಿನ ಡಬ್ಬಿಗೆ ತುಂಬಿದ್ದರೆಂದು ನನ್ನ ಊಹೆ. ಚಿತ್ರ ಸಮೇತ ಬರೆದಾಗ ಆ ಅಂಗಡಿಯವರ ಮೊದಲ ಉತ್ತರ, “ನೂರಾರು ಮಾರಿದ್ದೇವೆ, ಯಾರೂ ದೂರಿಲ್ಲ” ಎಂಬುದಾಗಿತ್ತು. ಐದು ವಾರದ ಮೇಲೆ ದುಡ್ಡು ವಾಪಸ್ ಬಂತು, ಹಿಂದಿರುಗಿಸಿದ ಅಂಚೆ ವೆಚ್ಚ ಬರಲಿಲ್ಲ. ಅಂಗಡಿಯ ಹೆಸರು ಇಲ್ಲಿ ಬೇಡ. ಇಂಥ ಡಬ್ಬಿ ಯಾರ ಕೈಯಿಂದಲೂ ಬರಬಹುದು, ಅಳೆಯುವ ಕೆಲಸ ನಮ್ಮದೇ.

ಕೊನೆಗೆ ಪಿಸ್ಟನ್ ಬಂದದ್ದು ಹಳೆಯ ಟ್ರಯಲ್ಸ್ ಗಾಡಿಗಳ ಭಾಗಗಳನ್ನೇ ಮಾರುವ ಒಂದು ಪುಟ್ಟ ಅಂಗಡಿಯಿಂದ, ಅದೂ ಒಂದು ದೊಡ್ಡ ಗ್ಯಾರೇಜಿನಷ್ಟೇ ಅಗಲದ ಜಾಗ. ಅಲ್ಲಿನ ಹಿರಿಯರು ಫೋನಿನಲ್ಲಿ ಬೆಲೆ ಹೇಳುವ ಮೊದಲು ನನಗೆ ಮೂರು ಪ್ರಶ್ನೆ ಕೇಳಿದರು: ಎಂಜಿನ್ ಸಂಖ್ಯೆಯ ಮೊದಲ ಅಂಕೆಗಳೇನು, ಕನೆಕ್ಟಿಂಗ್ ರಾಡ್ ಮೂಲದ್ದೇ ಅಥವಾ ಬದಲಾಯಿಸಿದ್ದೇ, ಸಿಲಿಂಡರನ್ನು ಅಳೆದದ್ದು ಯಾರು. ಮೂರನೆಯ ಪ್ರಶ್ನೆಗೆ ‘ನಾನೇ, ವರ್ನಿಯರಿನಲ್ಲಿ’ ಎಂದಾಗ ಅವರು ನಕ್ಕು, ಬೋರ್ ಗೇಜ್ ಇರುವವರಿಂದ ಅಳೆಸಿ ಆಮೇಲೆ ಫೋನ್ ಮಾಡಿ ಎಂದರು. ಕೈಗೆ ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವ ವ್ಯಾಪಾರಿಯನ್ನು ನಾನು ನಂಬುತ್ತೇನೆ. ಅವರಲ್ಲಿ ಬೆಲೆ ಅಂತರ್ಜಾಲದ ಬೆಲೆಗಿಂತ ಸುಮಾರು ಕಾಲು ಭಾಗ ಹೆಚ್ಚು, ಮತ್ತು ಶುಕ್ರವಾರ ಮಧ್ಯಾಹ್ನದ ನಂತರ ಫೋನ್ ಎತ್ತುವುದಿಲ್ಲ. ಇವೆರಡೇ ದೂರುಗಳು. ಫುಟ್‌ರೆಸ್ಟ್, ಸ್ವಿಂಗ್ ಆರ್ಮ್ ಬುಷ್, ಮಡ್‌ಗಾರ್ಡ್, ಚೈನ್ ಟೆನ್ಷನರ್ ಎಲ್ಲವೂ ಅಲ್ಲೇ ಸಿಕ್ಕವು. ಈ ಗಾಡಿಗಳು ಇಂದಿಗೂ ಪ್ರತಿ ಭಾನುವಾರ ಸ್ಪರ್ಧೆಗಳಲ್ಲಿ ಬಂಡೆಗೆ ಬಡಿದು ಮುರಿಯುತ್ತಲೇ ಇರುವುದರಿಂದ ಇಂಥ ಭಾಗಗಳನ್ನು ಹೊಸದಾಗಿ ಮಾಡುವವರಿದ್ದಾರೆ. ಷೋಕೇಸಿನಲ್ಲಿ ಕೂರುವ ಹಳೆಯ ಗಾಡಿಗಳಿಗೆ ಈ ಭಾಗ್ಯವಿಲ್ಲ.

ಬೋರಿಂಗ್ ಮಾಡಿದ ಲೇತ್ ಅಂಗಡಿಗೆ ಪೂರ್ತಿ ಅಂಕ. ಪಿಸ್ಟನ್ ಕೈಗೆ ಬರುವವರೆಗೆ ಸಿಲಿಂಡರನ್ನು ಮುಟ್ಟುವುದಿಲ್ಲ ಎಂಬುದು ಅವರ ನಿಯಮ, ತಿಪಟೂರಿನಲ್ಲೂ ಅದೇ ನಿಯಮವಿತ್ತು. ಪಿಸ್ಟನ್ನಿನ ನಿಜವಾದ ಅಳತೆಗೆ ತಕ್ಕಂತೆ ಬೋರ್ ಮಾಡಬೇಕೇ ಹೊರತು ಡಬ್ಬಿಯ ಮೇಲಿನ ಅಂಕೆಗೆ ಅಲ್ಲ. ಹೋನಿಂಗ್ (ಒಳಗೋಡೆಯನ್ನು ಉಜ್ಜಿ ಹದಗೊಳಿಸುವುದು) ಮುಗಿಸಿದ ಮೇಲೆ ಪ್ರತಿ ಪೋರ್ಟಿನ ಚೂಪು ಅಂಚನ್ನೂ ಕೈಯಲ್ಲಿ ಉಜ್ಜಿ ಇಳಿಜಾರು ಮಾಡಿದ್ದರು. ಬೆರಳು ಆಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಈ ಕೊನೆಯ ಕೆಲಸವನ್ನು ಫೋರ್ ಸ್ಟ್ರೋಕ್ ಸಿಲಿಂಡರಿಗೇ ಒಗ್ಗಿದ ಅಂಗಡಿಗಳು ಮರೆಯುತ್ತವೆ, ಮರೆತರೆ ಹೊಸ ರಿಂಗ್ ಆ ಚೂಪಿಗೆ ತಾಗಿ ಸವೆಯುತ್ತದೆ. ಕ್ರ್ಯಾಂಕನ್ನು ಬೇರೊಬ್ಬರಿಗೆ ಕೊಟ್ಟು ಹೊಸ ರಾಡ್, ಬಿಗ್ ಎಂಡ್ ಬೇರಿಂಗ್ ಹಾಕಿಸಿದೆ. ಕೆಲಸ ಚೆನ್ನಾಗಿತ್ತು, ಆದರೆ ಎರಡು ವಾರವೆಂದದ್ದು ಏಳು ವಾರವಾಯಿತು, ನಡುವೆ ಒಂದು ಸಂದೇಶಕ್ಕೂ ಉತ್ತರವಿಲ್ಲ.

ಇಗ್ನಿಷನ್ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಎಲ್ಲರೂ ಒಪ್ಪಲಾರರು. ಟಿವೈ 175ರಲ್ಲಿ ಮ್ಯಾಗ್ನೆಟ್ ಒಳಗೆ ಪ್ಲಗ್ಗಿನ ಕಿಡಿಗೆ ಬೇಕಾದ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತವೆ, ಆರು ವೋಲ್ಟಿನ ವ್ಯವಸ್ಥೆ. ಇವನ್ನು ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕುವುದು ಈಗಿನ ರೂಢಿ. ಕೆಲವು ಕಿಟ್‌ಗಳ ಜೊತೆ ಹಗುರವಾದ ಹೊಸ ಮ್ಯಾಗ್ನೆಟ್ ಬರುತ್ತದೆ, ಮತ್ತು ಹಗುರ ಮ್ಯಾಗ್ನೆಟ್ ಎಂದರೆ ನಿಧಾನದ ನಡಿಗೆಯಲ್ಲಿ ಎಂಜಿನ್ ಸುಮ್ಮನೆ ನಿಂತುಬಿಡುವ ಸಾಧ್ಯತೆ. ಹಾಗಾಗಿ ನಾನು ಹಳೆಯ ಮ್ಯಾಗ್ನೆಟ್ಟನ್ನೇ ಉಳಿಸಿಕೊಂಡು, ಪುಲ್ಲರ್ ಹಾಕಿ ತೆಗೆದು, ಹೊಸ ಪಾಯಿಂಟ್ ಕೂರಿಸಿ, ಫೀಲರ್ ಗೇಜಿನಲ್ಲಿ 0.35 ಮಿ.ಮೀ. ಅಂತರವಿಟ್ಟೆ. ಎರಡು ಋತು ಕಳೆದರೂ ಮಿಸ್ಸಿಂಗ್ ಹೊಡೆದಿಲ್ಲ. ಕಾರ್ಬುರೇಟರ್ ಹಳೆಯದೇ, ಮಿಕುನಿ ಕಂಪನಿಯದು. ನಿಧಾನದ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ತೂತು ಕೂದಲಿನಷ್ಟು ಸಣ್ಣದು, ಅದು ಕಟ್ಟಿಕೊಂಡದ್ದೇ ಐಡ್ಲಿಂಗಿನಲ್ಲಿ ಎಂಜಿನ್ ಆರಿಹೋಗುವುದಕ್ಕೆ ಕಾರಣವಾಗಿತ್ತು. ಮಿಕುನಿ ಹೆಸರಿನ ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿವೆ, ಜೆಟ್ಟುಗಳ ನಕಲಿಯಂತೂ ಇನ್ನೂ ಹೆಚ್ಚು. ಇಲ್ಲಿ ಉಳಿತಾಯ ಮಾಡಲು ಹೋಗಬಾರದು.

ಇಂಗ್ಲೆಂಡಿನಲ್ಲಿ ‘ಆಟೋಜಂಬಲ್’ ಎಂಬುದೊಂದಿದೆ. ಗದ್ದೆಯಲ್ಲೋ ಜಾತ್ರೆ ಮೈದಾನದಲ್ಲೋ ಬೆಳಗಿನ ಜಾವವೇ ಸೇರುವ ಹಳೆಯ ಭಾಗಗಳ ಸಂತೆ, ನಮ್ಮ ಗುಜರಿಯ ಸಭ್ಯ ತಮ್ಮ. ಫೆಬ್ರವರಿಯಲ್ಲಿ ಟೆಲ್ಫರ್ಡ್‌ನಲ್ಲಿ ನಡೆಯುವ ಹಳೆಯ ಆಫ್‌ರೋಡ್ ಗಾಡಿಗಳ ಪ್ರದರ್ಶನ ನಮ್ಮಂಥವರಿಗೆ ಹೇಳಿಮಾಡಿಸಿದ್ದು. ಅಲ್ಲಿ ಒಂದು ಟಾರ್ಪಾಲಿನ ಮೇಲೆ ಹರಡಿದ್ದ ತುಕ್ಕಿನ ರಾಶಿಯಲ್ಲಿ ನನಗೆ ಮೂಲ ಗೇರ್ ಲಿವರ್ ಹನ್ನೆರಡು ಪೌಂಡಿಗೆ ಸಿಕ್ಕಿತು. ಅದೇ ಸಂತೆಯಲ್ಲಿ ಇಪ್ಪತ್ತು ಪೌಂಡಿಗೆ ತಂದ ‘ಟಿವೈ’ ಬ್ರೇಕ್ ಪ್ಲೇಟ್ ಮನೆಗೆ ಬಂದು ನೋಡಿದರೆ ಬೇರೆ ಯಾವುದೋ ಗಾಡಿಯದು. ಸಂತೆಯಲ್ಲಿ ವಾಪಸಾತಿ ಇಲ್ಲ. ಇನ್ನು ಕ್ಲಚ್ ಕೇಬಲ್ ಬಂದದ್ದು ಬೆಂಗಳೂರಿನಿಂದ. ಊರಿಗೆ ಹೋದಾಗ ಹಳೆಯ ಕೇಬಲನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕೊಟ್ಟೆ. ಟೀ ಕುಡಿದು ಬರುವಷ್ಟರಲ್ಲಿ ಅದೇ ಉದ್ದದ, ಅದೇ ನಿಪ್ಪಲಿನ ಎರಡು ಕೇಬಲ್ ತಯಾರಾಗಿದ್ದವು. ಇಂಗ್ಲೆಂಡಿನ ಹೊಸ ಕೇಬಲಿಗಿಂತ ಅದು ಮೆತ್ತಗೆ ಎಳೆಯುತ್ತದೆ ಎಂದು ಹೇಳಿದರೆ ಊರಿನ ಅಭಿಮಾನವೆಂದು ನಗುತ್ತಾರೆ, ನಗಲಿ.

ಚಾಸಿಯ ಕೆಲಸ ಬೇಗ ಮುಗಿಯಿತು. ಹೊಸ ಶಾಕ್ ಅಬ್ಸಾರ್ಬರ್, ಮುಂದೆ 21 ಇಂಚಿನ ಮತ್ತು ಹಿಂದೆ 18 ಇಂಚಿನ ಟ್ರಯಲ್ಸ್ ಟೈರು, ಒಳಗಿನ ತುಕ್ಕು ತೆಗೆದು ಲೇಪನ ಹಾಕಿದ ಟ್ಯಾಂಕು, ಬೆಂಕಿಗೆ ಹಿಡಿದು ಕಾರ್ಬನ್ ಉದುರಿಸಿದ ಸೈಲೆನ್ಸರ್. ಟೈರಿನ ಗಾಳಿ ಹಿಂದೆ 4, ಮುಂದೆ 5 ಪಿಎಸ್‌ಐ ಮಾತ್ರ. ಮೊದಲ ಸಲ ನೋಡಿದವರು ಪಂಕ್ಚರ್ ಎಂದೇ ತಿಳಿಯುತ್ತಾರೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇರುತ್ತದೆ, ಅದು ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಮೆತ್ತಗಾಗಿಸುತ್ತದೆ. ಸ್ಪೇನಿನ ಗಾಡಿಗಳ ಫೈಬರ್ ಟ್ಯಾಂಕುಗಳಿಗೆ ಇದು ಇನ್ನೂ ದೊಡ್ಡ ತಲೆನೋವು. ನಾನು ಐದು ಶೇಕಡಾದ ಸೂಪರ್ ಪೆಟ್ರೋಲನ್ನೇ ಹಾಕುತ್ತೇನೆ, ಚಳಿಗಾಲಕ್ಕೆ ಮುನ್ನ ಕಾರ್ಬುರೇಟರ್ ಖಾಲಿ ಮಾಡುತ್ತೇನೆ.

ಖರ್ಚಿನ ಲೆಕ್ಕ ಹೀಗಿದೆ: ಗಾಡಿಗೆ 1,400, ಭಾಗಗಳಿಗೆ 1,180, ಬೋರಿಂಗ್, ಕ್ರ್ಯಾಂಕ್ ಮತ್ತಿತರ ಹೊರಗಿನ ಕೆಲಸಕ್ಕೆ 460, ಒಟ್ಟು 3,040 ಪೌಂಡ್. ಮಾರಲು ಹೊರಟರೆ ಅಷ್ಟು ಬರುತ್ತದೆಂಬ ಭರವಸೆ ನನಗಿಲ್ಲ. ಹದಿಮೂರು ತಿಂಗಳ ಶನಿವಾರಗಳು ಈ ಲೆಕ್ಕದಲ್ಲಿ ಸೇರಿಲ್ಲ. ಕೊಳ್ಳುವವರು ನೋಂದಣಿ ಪುಸ್ತಕ ಇದೆಯೇ, ಅದರಲ್ಲಿನ ಫ್ರೇಮ್ ಸಂಖ್ಯೆ ಗಾಡಿಯ ಮೇಲಿನದರೊಂದಿಗೆ ಹೊಂದುತ್ತದೆಯೇ ಎಂದು ಎಂಜಿನ್ ನೋಡುವ ಮೊದಲೇ ನೋಡಬೇಕು. ನಲವತ್ತು ವರ್ಷ ಮೀರಿದ ಗಾಡಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆಯಿಲ್ಲ, ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೆ ಕಾಗದವಿಲ್ಲದ ಗಾಡಿಗೆ ಈ ಅನುಕೂಲ ಪಡೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಕಳೆದ ಅಕ್ಟೋಬರಿನ ಒಂದು ಮಳೆಯ ಭಾನುವಾರ ಕ್ಲಬ್ಬಿನ ಸ್ಪರ್ಧೆಗೆ ಅದನ್ನು ಒಯ್ದೆ. ಎರಡು ಶಾಕ್ ಅಬ್ಸಾರ್ಬರಿನ ಹಳೆಯ ಗಾಡಿಗಳಿಗೆ ‘ಟ್ವಿನ್‌ಷಾಕ್’ ಎಂಬ ಪ್ರತ್ಯೇಕ ವರ್ಗವಿದೆ. ಹಳ್ಳದೊಳಗಿನ ನಾಲ್ಕನೆಯ ಸೆಕ್ಷನ್ನಿನಲ್ಲಿ ಕುಂಬಳಕಾಯಿಯಷ್ಟು ದಪ್ಪದ ಕಲ್ಲುಗಳ ನಡುವೆ, ಮೊದಲ ಗೇರಿನಲ್ಲಿ, ಹಿಡಿಕೆಯನ್ನು ಬಹುತೇಕ ಮುಚ್ಚಿಟ್ಟುಕೊಂಡು, ಟಕ್ ಟಕ್ ಟಕ್ ಎಂಬ ಒಂದೊಂದು ಸದ್ದನ್ನೂ ಎಣಿಸಬಹುದಾದಷ್ಟು ನಿಧಾನವಾಗಿ ಅದು ಹತ್ತಿಕೊಂಡು ಹೋಯಿತು, ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಅದೊಂದೇ ಸೊನ್ನೆ; ಉಳಿದ ಸೆಕ್ಷನ್ನುಗಳಲ್ಲಿ ಸೇರಿಸಿ 47 ಅಂಕ ಕಟ್ಟಿಕೊಂಡೆ, ಅದರಲ್ಲಿ ಗಾಡಿಯ ಪಾಲು ಕಡಿಮೆ. ಗಾಡಿಯ ಪಾಲಿನ ದೋಷಗಳೂ ಇವೆ. ನೀರು ಹೊಕ್ಕ ಮೇಲೆ ಡ್ರಮ್ ಬ್ರೇಕುಗಳು ಇವೆ ಎಂಬ ನೆನಪು ಮಾತ್ರ ಉಳಿಯುತ್ತದೆ. ಮೂಲ ಫುಟ್‌ರೆಸ್ಟ್‌ಗಳು ಮುಂದಕ್ಕೂ ಮೇಲಕ್ಕೂ ಇರುವುದರಿಂದ ಎತ್ತರದವರಿಗೆ ನಿಂತು ಓಡಿಸುವಾಗ ಬೆನ್ನು ಬಾಗುತ್ತದೆ, ಹಾಗಾಗಿ ಬಹುತೇಕರು ಅವನ್ನು ಕೆಳಕ್ಕೂ ಹಿಂದಕ್ಕೂ ಬೆಸುಗೆ ಹಾಕಿಸಿಕೊಳ್ಳುತ್ತಾರೆ. ಮುಂದಿನ ಫೋರ್ಕ್ ನನ್ನಂಥ 82 ಕಿಲೋದವರಿಗೆ ಮೆದುವಾಯಿತು.

ಮೊದಲ ಸಲ ಹಳೆಯ ಟ್ರಯಲ್ಸ್ ಗಾಡಿ ಎಬ್ಬಿಸಲು ಹೊರಟವರಿಗೆ, ಅದರಲ್ಲೂ ಆರ್‌ಎಕ್ಸ್ ಎಂಜಿನ್ನಿನ ಒಳಗನ್ನು ಕಂಡವರಿಗೆ, ನಾನು ಶೆರ್ಪಾಗಿಂತ ಟಿವೈ 175 ಅನ್ನೇ ಶಿಫಾರಸು ಮಾಡುತ್ತೇನೆ; ಗೆಲ್ಲಬೇಕೆಂಬ ಆಸೆಯಿರುವ ಭಾರದ ಸವಾರರಿಗೆ ಮಾಡುವುದಿಲ್ಲ, ಅವರು 250 ನೋಡಲಿ. ನನ್ನ ಗಾಡಿಯಲ್ಲಿ ಇನ್ನು ಬಾಕಿ ಇರುವುದು ಹಿಂದಿನ ಬ್ರೇಕಿನ ಪ್ಲೇಟ್. ಅದರ ಪೂರ್ತಿ ಸಂಖ್ಯೆಯನ್ನು ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ, ಡೀಲರಿನಲ್ಲಿ ಇಲ್ಲವೆಂದು ಉತ್ತರವೂ ಬಂದಾಗಿದೆ. ಫೆಬ್ರವರಿಯಲ್ಲಿ ಟೆಲ್ಫರ್ಡ್‌ಗೆ ಹೋಗುವಾಗ ಈ ಸಲ ಸವೆದ ಪ್ಲೇಟನ್ನೂ ವರ್ನಿಯರನ್ನೂ ಚೀಲದಲ್ಲಿ ಹಾಕಿಕೊಂಡೇ ಹೊರಡುತ್ತೇನೆ.